ಪುಟ್ಟಮ್ಮನ ಕಲ್ಲು

ಆ ಕ್ಷುದ್ರಗ್ರಹವನ್ನು ಕಂಡುಹಿಡಿದವನು ನಾನಲ್ಲ.

ಹೀಗೆ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಎದೆಯೊಳಗೆ ಏನಾದರೂ ಸಡಿಲಾದೀತು ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಬರೆದದ್ದನ್ನು ಎರಡು ಸಲ ಓದಿದೆ, ಎದ್ದು ಹೋಗಿ ನೀರು ಕುಡಿದು ಬಂದೆ, ಮತ್ತೆ ಓದಿದೆ. ನಿಜವಾದ ಸಾಲು. ಅಷ್ಟೇ.

ಬೇಲೂರಿನ ಸಭಾಂಗಣದಲ್ಲಿ ಅಂದು ನನಗಾಗಿ ಚಪ್ಪಾಳೆ ತಟ್ಟಿದವರು, ಅರಸೀಕೆರೆಯ ಬೀದಿಯಲ್ಲಿ ನನ್ನನ್ನು ‘ಆಕಾಶದ ಮೇಷ್ಟ್ರು’ ಎಂದು ಕರೆಯುವವರು, ಮಕ್ಕಳ ಕೈಯಲ್ಲಿ ನನ್ನ ಕಾಲು ಮುಟ್ಟಿಸಿದವರು — ನಿಮಗೆಲ್ಲ ಹೇಳುತ್ತಿದ್ದೇನೆ. ಅದನ್ನು ಕಂಡವರು ಸುಜಾತ. ನಮ್ಮ ಶಾಲೆಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕಲಿಸುತ್ತಿದ್ದವರು. ಆ ಕಲ್ಲಿಗೆ ಅವರು ಇಡಬೇಕೆಂದಿದ್ದ ಹೆಸರೂ ಬೇರೆ. ಕಂಡ ಕೀರ್ತಿಯನ್ನೂ ಹೆಸರಿಡುವ ಹಕ್ಕನ್ನೂ — ಎರಡನ್ನೂ ನಾನು ತೆಗೆದುಕೊಂಡೆ.

ನಾನು ಅರಸೀಕೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಣ್ಣಂದಿರು ಮಂಡಿ ನೋಡಿಕೊಂಡರು, ನಾನು ಮೇಷ್ಟ್ರಾದೆ. ಪೂಜೆ, ಮಠ, ನೆಂಟರಿಷ್ಟರು ಎಲ್ಲವೂ ಇದ್ದ ಬದುಕು. ಯಾವುದಕ್ಕೂ ಕೊರತೆ ಇರಲಿಲ್ಲ. ಇದನ್ನು ಏಕೆ ಹೇಳುತ್ತೇನೆಂದರೆ — ಹಸಿದವನು ಕದ್ದ ಕಥೆ ಅಲ್ಲ ಇದು.

ಸುಜಾತ ಬಾಣಾವರದವರು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದು ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದರು. ಬಿ.ಎಸ್ಸಿ. ಓದಿದ್ದರು. ತಂದೆ ಇರಲಿಲ್ಲ, ತಾಯಿ ಪುಟ್ಟಮ್ಮ ಅಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ ಎಂಬುದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು; ಗೊತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಳಿದ ಶಿಕ್ಷಕಿಯರನ್ನೆಲ್ಲ ನಾನು ‘ಮೇಡಂ’ ಎನ್ನುತ್ತಿದ್ದೆ. ಇವರನ್ನು ಮಾತ್ರ ‘ಸುಜಾತ’ — ‘ನೀನು’. ವಯಸ್ಸಿನಲ್ಲಿ ಚಿಕ್ಕವರು, ಗುತ್ತಿಗೆಯವರು, ಅದಕ್ಕೆ, ಎಂದು ಒಳಗೊಳಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವರಿಗಿಂತ ಎರಡು ವರ್ಷ ಚಿಕ್ಕವರಾಗಿದ್ದ ಹಿಂದಿ ಶಿಕ್ಷಕಿಗೆ ನಾನು ಬಹುವಚನ ಬಿಟ್ಟು ಮಾತಾಡಿದ್ದಿಲ್ಲ. ಈಗ ಈ ಬರಹದಲ್ಲಿ ಸುಜಾತ ಅವರನ್ನು ‘ಅವರು’ ಎಂದು ಬರೆಯುತ್ತಿರುವುದೂ ತಡವಾಗಿ ಬಂದ ಬುದ್ಧಿಯೇ.

ಕ್ಷುದ್ರಗ್ರಹ ಹುಡುಕುವುದೆಂದರೆ ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎಲ್ಲೋ ದೂರದೇಶದ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳನ್ನು ಶಾಲೆಗಳಿಗೂ ಹವ್ಯಾಸಿಗಳಿಗೂ ಕಳಿಸಿಕೊಡುವ ಒಂದು ಯೋಜನೆ ಇತ್ತು. ಆಕಾಶದ ಒಂದೇ ತುಣುಕು, ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ ನಾಲ್ಕು ಚಿತ್ರ. ಕಂಪ್ಯೂಟರಿನಲ್ಲಿ ಅವನ್ನು ಒಂದರ ಹಿಂದೊಂದು ಮಿಣಮಿಣ ಓಡಿಸಿದರೆ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹವಿದ್ದರೆ ಒಂದು ಚುಕ್ಕಿ ಮಾತ್ರ ಸಾಲು ಹಿಡಿದು ಸರಿಯುತ್ತದೆ. ಮರಳಿನಲ್ಲಿ ಇರುವೆ ಹುಡುಕಿದ ಹಾಗೆ. ಅಂಥದ್ದು ಕಂಡರೆ ಗುರುತು ಮಾಡಿ ವರದಿ ಕಳಿಸಬೇಕು. ಅದು ಯಾರೂ ಮೊದಲು ನೋಡದೇ ಇದ್ದದ್ದಾದರೆ, ಮುಂದೆ ಹಲವು ವರ್ಷ ಬೇರೆ ಬೇರೆಯವರು ಅದರ ದಾರಿ ಅಳೆದು ಖಚಿತಪಡಿಸಿಕೊಂಡ ಮೇಲೆ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಕ್ಕ ಮೇಲೆ, ಕಂಡವರು ಅದಕ್ಕೆ ಹೆಸರು ಸೂಚಿಸಬಹುದು.

ಯೋಜನೆಗೆ ಶಾಲೆಯನ್ನು ಸೇರಿಸಿದವನು ನಾನು. ಅದು ನಿಜ. ಆದರೆ ಅರ್ಜಿ ತುಂಬಿದವರು, ಆ ತಂತ್ರಾಂಶವನ್ನು ನಮ್ಮ ಹಳೆಯ ಕಂಪ್ಯೂಟರಿಗೆ ಹಾಕಿ ಅದು ನಿಂತುಹೋದಾಗಲೆಲ್ಲ ಮತ್ತೆ ಓಡುವಂತೆ ಮಾಡಿದವರು, ಬಿಡುವಿನ ತಾಸಿನಲ್ಲಿ ಕೂತು ಚಿತ್ರದ ಮೇಲೆ ಚಿತ್ರ ನೋಡಿದವರು ಅವರು. ನಾನು ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಮಾತಾಡಿದೆ.

ಅದು ಮಾರ್ಚ್ ತಿಂಗಳ ಒಂದು ಬೆಳಗ್ಗೆ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಿತ್ತು. ಹೊಸದಾಗಿ ಬಂದಿದ್ದ ಒಂದು ಚಿತ್ರದ ಕಂತನ್ನು ನಾನೇ ನೋಡಿ, ಎದುರಿಗಿದ್ದ ನೋಟ್‌ಬುಕ್ಕಿನಲ್ಲಿ ‘ಏನೂ ಇಲ್ಲ’ ಎಂದು ಬರೆದು ತರಗತಿಗೆ ಹೋದೆ. ನನ್ನ ಕೈಬರಹದಲ್ಲಿ — ‘ಏನೂ ಇಲ್ಲ’. ಮುಕ್ಕಾಲು ತಾಸಿನ ನಂತರ ಅವರು ತರಗತಿಯ ಬಾಗಿಲಿಗೇ ಬಂದರು. ಎಂದೂ ಹಾಗೆ ಬಂದವರಲ್ಲ.

“ಸಾರ್, ಒಂದ್ನಿಮಿಷ ಬರ್ತೀರಾ? ಅದ್ರಲ್ಲಿ ಐತೆ ಸಾರ್.”

ಶಾಲೆಯಲ್ಲಿ ಅವರು ಎಚ್ಚರದಿಂದ ‘ಇದೆ’ ಎನ್ನುತ್ತಿದ್ದರು. ಆ ದಿನ ಮರೆತಿದ್ದರು.

ಹೋಗಿ ನೋಡಿದೆ. ಅವರು ಚಿತ್ರಗಳನ್ನು ಓಡಿಸಿದರು. ನನಗೆ ಏನೂ ಕಾಣಲಿಲ್ಲ. “ಎಲ್ಲಮ್ಮಾ?” ಎಂದೆ. ಅವರು ಬೆರಳನ್ನು ಪರದೆಗೆ ತಾಗಿಸದೆ ತೋರಿಸಿದರು.

“ಮೊದಲ್ನೇದ್ರಲ್ಲಿ ಇಲ್ಲಿ. ಮೂರನೇದ್ರಲ್ಲಿ ಇಲ್ಲಿ, ನಾಲ್ಕನೇದ್ರಲ್ಲಿ ಇಲ್ಲಿ. ಎರಡನೇದ್ರಲ್ಲಿ ಈ ದೊಡ್ಡ ನಕ್ಷತ್ರದ ಮಗ್ಗುಲಿಗೆ ಹೋಗ್ಬಿಟ್ಟಿದೆ ಸಾರ್, ಅದರ ಬೆಳಕಲ್ಲಿ ಮುಚ್ಚೋಗಿದೆ. ಅದಕ್ಕೇ ನೀವು ಬಿಟ್ಬಿಟ್ರಿ.”

ನಾಲ್ಕನೇ ಸಲ ಓಡಿಸಿದಾಗ ಕಂಡಿತು. ಬಹಳ ಮಂಕು. ಬೂದಿಯ ಕಣದಂಥದ್ದು, ನಿಧಾನವಾಗಿ, ನೇರವಾಗಿ ಹೋಗುತ್ತಿತ್ತು. ಯಾರ ಗೊಡವೆಯೂ ಇಲ್ಲದಂತೆ.

ಪಟ್ಟಿ ತೆಗೆದು ಹೋಲಿಸಿ ನೋಡಿದೆವು. ಆ ಜಾಗದಲ್ಲಿ ಗೊತ್ತಿರುವ ಯಾವ ಕ್ಷುದ್ರಗ್ರಹವೂ ಇರಲಿಲ್ಲ. ಅವರು ಕುರ್ಚಿಯ ಮೇಲೆ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ — ನಾನು ಸರಿಯಾಗಿ ನೋಡಲಿಲ್ಲ. ಆಮೇಲೆ ಕೇಳಿದರು, “ಹೊಸದೇ ಆದ್ರೆ ಹೆಸರಿಡಬೌದಲ್ವಾ ಸಾರ್?”

“ಅದಕ್ಕೆಲ್ಲ ವರ್ಷಗಟ್ಟಲೆ ಬೇಕಮ್ಮ. ಏನ್ ಹೆಸರಿಡ್ತೀಯಾ?”

“ಅಮ್ಮಂದು. ಪುಟ್ಟಮ್ಮ ಅಂತ.”

ನಾನು ನಕ್ಕೆ. ಆ ನಗು ನನಗೆ ಚೆನ್ನಾಗಿ ನೆನಪಿದೆ. ಕೆಟ್ಟ ನಗುವಾಗಿರಲಿಲ್ಲ, ಸಲಿಗೆಯ ನಗು — ಅಥವಾ ಹಾಗೆ ನನಗೆ ಅನಿಸಿತ್ತು. “ಅಲ್ಲಮ್ಮಾ, ಅಷ್ಟು ದೊಡ್ಡ ಬಂಡೆಗೆ ಪುಟ್ಟಮ್ಮ ಅಂತ ಹೆಸರಾ?” ಎಂದೆ. ಅವರೂ ನಕ್ಕರು. “ಇರ್ಲಿ ಬಿಡಿ ಸಾರ್. ಅಮ್ಮನ್ ಹೆಸ್ರು ಎಲ್ಲೂ ಬರ್ದಿಲ್ಲ, ರೇಷನ್ ಕಾರ್ಡು ಬಿಟ್ರೆ,” ಎಂದರು.

ಊಟಕ್ಕೆ ಮನೆಗೆ ಹೋದಾಗ ಹೆಂಡತಿಗೆ ಹೇಳಿದೆ: “ನಮ್ಮ ಸ್ಕೂಲಿನ ಸುಜಾತ ಇದಾಳಲ್ಲ, ಇವತ್ತು ಒಂದು ಹೊಸಾ ಕ್ಷುದ್ರಗ್ರಹ ಹಿಡಿದ್ಬಿಟ್ಳು ಕಣೇ.” ಮಧ್ಯಾಹ್ನ ಒಂದೂವರೆಗೆ ಸತ್ಯ ಹೀಗೆ ನನ್ನ ಬಾಯಲ್ಲೇ ಇತ್ತು. ನಾಲ್ಕು ಗಂಟೆಗೆ ಇರಲಿಲ್ಲ.

ನಾಲ್ಕಕ್ಕೆ ಅವರು ರೈಲು ಹಿಡಿಯಲು ಹೊರಟರು. “ವರದಿ ರೆಡಿ ಮಾಡಿಟ್ಟಿದೀನಿ ಸಾರ್, ಹೆಸರು ಹಾಕಿ ಕಳ್ಸಿಬಿಡಿ,” ಎಂದು ಹೇಳಿ ಹೋದರು. ನಾನು ಒಬ್ಬನೇ ಆ ಕೋಣೆಯಲ್ಲಿ ಕೂತೆ. ಕಂಡವರ ಹೆಸರು ಬರೆಯಲು ಫಾರಂನಲ್ಲಿ ಜಾಗವಿತ್ತು. ಐದು ಹೆಸರಿಗೆ ಜಾಗವಿತ್ತು. ಮೊದಲನೆಯದರಲ್ಲಿ ನನ್ನ ಹೆಸರು ಬರೆದೆ. ಎರಡನೆಯದರ ಮೇಲೆ ಕರ್ಸರ್ ಇಟ್ಟೆ — ಅದು ಅಲ್ಲಿ ಮಿಟುಕುತ್ತ ನಿಂತಿತ್ತು. ಎಷ್ಟು ಹೊತ್ತು, ಹೇಳಲಾರೆ. ಹೊರಗೆ ಜವಾನ ಕಿಟಕಿ ಬಾಗಿಲು ಮುಚ್ಚುತ್ತಾ ಬರುತ್ತಿದ್ದ ಸದ್ದು. ನಾನು ಕಳಿಸಿಬಿಟ್ಟೆ.

ಏಕೆ? ಈ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ನನ್ನ ಒಳಗು ಖಾಲಿಯಾಗುತ್ತದೆ. ಕೋಪವಿರಲಿಲ್ಲ. ದ್ವೇಷವಿರಲಿಲ್ಲ. ನಾನು ‘ಏನೂ ಇಲ್ಲ’ ಎಂದು ಬರೆದಲ್ಲಿ ಅವರಿಗೆ ಕಂಡಿತಲ್ಲ — ಆ ಮುಳ್ಳೇ? ಇರಬಹುದು. ನಮ್ಮವರ ಹುಡುಗಿ ಯಾರಾದರೂ ಕಂಡಿದ್ದರೆ, ನೆಂಟರ ಮಗಳೋ, ಮಂಡಿಯವರ ಸೊಸೆಯೋ ಆಗಿದ್ದರೆ, ಆ ಎರಡನೇ ಸಾಲನ್ನು ಖಾಲಿ ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ. ಮರುದಿನ ಅವರ ಮನೆಯವರು ಕೇಳಲು ಬರುತ್ತಾರೆಂಬ ಅಂಜಿಕೆಯಾದರೂ ಇರುತ್ತಿತ್ತು. ಪುಟ್ಟಮ್ಮ ಹಾಸ್ಟೆಲಿನ ಒಲೆ ಬಿಟ್ಟು ಕೇಳಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಎರಡು ತಿಂಗಳಿಗೆ ಪ್ರಶಸ್ತಿಪತ್ರ ಬಂತು — ಹೊಸ ಕ್ಷುದ್ರಗ್ರಹದ ಪ್ರಾಥಮಿಕ ಪತ್ತೆ, ನನ್ನ ಹೆಸರು. ಮುಖ್ಯೋಪಾಧ್ಯಾಯರು ಅದಕ್ಕೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗಿಸಿದರು. ಸುಜಾತ ಅದರ ಮುಂದೆ ನಿಂತು ಓದಿದರು. ನಂತರ ಕಂಪ್ಯೂಟರ್ ಕೋಣೆಗೆ ಬಂದು, ಬಾಗಿಲ ಹತ್ತಿರವೇ ನಿಂತು ಕೇಳಿದರು.

“ಸಾರ್, ನನ್ ಹೆಸ್ರು?”

“ಒಬ್ಬರ ಹೆಸರಿಗೇ ಜಾಗ ಇತ್ತಮ್ಮ. ಸ್ಕೂಲ್ ಪರವಾಗಿ ಅಂತ ನಂದು ಹಾಕ್ದೆ. ಹೆಸರಿಡೋ ಕಾಲ ಬಂದಾಗ ನಿನ್ನನ್ನ ಕೇಳೇ ಇಡೋದು, ಆಯ್ತಾ?”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಆಯ್ತು ಸಾರ್,” ಎಂದರು.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸಿದ ಮೇಲೆ ಅರ್ಧ ನಿಜವೇ ಇರಬೇಕು ಎನಿಸಿತು. ಕೆಲವು ತಿಂಗಳಲ್ಲಿ ಪೂರ್ತಿ ನಿಜವಾಯಿತು. ಯಾರಾದರೂ ಕೇಳಿದರೆ “ನಾನು ನೋಡ್ತಿದ್ದಾಗ ಒಂದು ಚುಕ್ಕಿ ಸರೀತು” ಎಂದು ಶುರುಮಾಡುತ್ತಿದ್ದೆ. ಸುಜಾತ ಪಕ್ಕದಲ್ಲಿ ಇದ್ದರೂ.

ಮುಂದಿನ ವರ್ಷ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಅದು ಆಡಳಿತ ಮಂಡಳಿಯ ತೀರ್ಮಾನ, ಅದರಲ್ಲಿ ನನ್ನ ಕೈ ಇರಲಿಲ್ಲ. ನನ್ನ ಕೈ ಇದ್ದದ್ದು ಅದರ ನಂತರದ ಕೆಲಸದಲ್ಲಿ. ಒಂದು ವಿಜ್ಞಾನ ಕೇಂದ್ರದಲ್ಲಿ, ಬಂದವರಿಗೆ ಆಕಾಶದ ಬಗ್ಗೆ ವಿವರಿಸಿ ಹೇಳುವ ಕೆಲಸಕ್ಕೆ ಅವರು ಅರ್ಜಿ ಹಾಕಿದ್ದರು. ಆ ಕ್ಷೇತ್ರದಲ್ಲಿ ಏನಾದರೂ ಕೆಲಸ ಮಾಡಿದ್ದರೆ ಅದಕ್ಕೊಂದು ಪತ್ರ ಬೇಕಿತ್ತು. ನನ್ನ ಬಳಿ ಬಂದರು. ಕೇಳಿದ್ದು ಅದೊಂದೇ.

“ಕಂಡಿದ್ದು ನಾನು ಅಂತ ಒಂದೆರಡ್ ಲೈನ್ ಬರ್ಕೊಡಿ ಸಾರ್. ಸಾಕು.”

ಬರೆದರೆ ಗೋಡೆಯ ಮೇಲಿನ ಚೌಕಟ್ಟು ಸುಳ್ಳಾಗುತ್ತಿತ್ತು. ನಾನು ಶಾಲೆಯ ಲೆಟರ್‌ಹೆಡ್ ತೆಗೆದು ಬರೆದೆ: ‘ಇವರು ನಮ್ಮ ಶಾಲೆಯ ಕ್ಷುದ್ರಗ್ರಹ ಶೋಧ ಯೋಜನೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸಹಕರಿಸಿರುತ್ತಾರೆ.’ ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ. ಅವರು ನಿಂತಲ್ಲೇ ಓದಿದರು.

“ಸಹಕರಿಸಿರುತ್ತಾರೆ ಅಂತ ಬರ್ದಿದೀರಾ ಸಾರ್.”

“ಹೂಂ. ಹಾಗೇ ಬರೆಯೋದು ಅದು, ರೂಢಿ.”

“ಸರಿ ಸಾರ್.” ಮಡಚಿ ಚೀಲದೊಳಗಿಟ್ಟುಕೊಂಡು ಹೋದರು. ಧ್ವನಿ ಎತ್ತಲಿಲ್ಲ. ಎತ್ತಿದ್ದರೆ ನನಗೂ ಸಿಟ್ಟು ಬಂದು, ಜಗಳವಾಗಿ, ಏನಾದರೂ ಹೊರಬೀಳುತ್ತಿತ್ತೋ ಏನೋ. ಆ ಕೆಲಸ ಅವರಿಗೆ ಸಿಗಲಿಲ್ಲ. ಬಿಕ್ಕೋಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದರೆಂದು ಯಾರೋ ಹೇಳಿದರು. ತಾಯಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದರಂತೆ.

ಆಮೇಲೆ ವರ್ಷಗಳು ಹೋದವು. ನಾನು ಮರೆತಿದ್ದೆ ಎಂದರೆ ಸುಳ್ಳು. ನೆನಪಿತ್ತು ಎಂದರೂ — ಹಲ್ಲುನೋವು ನಿಂತುಹೋದ ಹಲ್ಲಿನ ಹಾಗೆ, ಇತ್ತು, ಜೀವ ಇರಲಿಲ್ಲ.

ಎರಡು ವರ್ಷದ ಹಿಂದೆ ಇಮೇಲ್ ಬಂತು. ಆ ಕಲ್ಲಿಗೆ ಸಂಖ್ಯೆ ಸಿಕ್ಕಿತ್ತು. ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಯಿತು. ನಾವು ಅದನ್ನು ತೀರಾ ಚಿಕ್ಕದು ಎಂದುಕೊಂಡಿದ್ದೆವು. ಅದು ಚಿಕ್ಕದಾಗಿರಲಿಲ್ಲ — ಕಪ್ಪಗಿತ್ತು. ಇದ್ದಿಲಿನಷ್ಟು ಕಪ್ಪು, ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗಿಕೊಳ್ಳುವಂಥದ್ದು. ಅದಕ್ಕೇ ಮಂಕಾಗಿ ಕಂಡಿತ್ತು. ಅದರ ಶಾಖವನ್ನು ಅಳೆದು ನೋಡಿದವರು ಹೇಳಿದ್ದು, ಅದು ಹೆಚ್ಚುಕಡಿಮೆ ಅರಸೀಕೆರೆಯಿಂದ ಬಾಣಾವರದವರೆಗಿನಷ್ಟು ಅಗಲವಿದೆ ಎಂದು. ಈ ಕಾಲದಲ್ಲಿ ಅಷ್ಟು ದೊಡ್ಡದು ಹೊಸದಾಗಿ ಸಿಗುವುದು ಅಪರೂಪ. ಪತ್ರಿಕೆಯವರು ಬಂದರು. ಹೆಸರು ಸೂಚಿಸಿ ಎಂದು ಪತ್ರ ನನಗೆ ಬಂದಿತ್ತು.

ಅವರನ್ನು ಕೇಳಿಯೇ ಇಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬಿಕ್ಕೋಡೇನು ದೂರವಲ್ಲ. ಒಂದು ಫೋನಿನ ನಂಬರು ಹುಡುಕುವುದು ಕಷ್ಟವಾಗಿರಲಿಲ್ಲ. ಬದಲಿಗೆ ನಾನು ಭಾವಮೈದುನನ ಮನೆಯವರನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ಅವರು ದೇವಸ್ಥಾನ ನೋಡಿರಲಿಲ್ಲ. ಗೈಡ್ ಒಬ್ಬ ಗೋಡೆಯ ವಿಗ್ರಹದ ಕೆಳಗೆ ಬೆರಳಿಟ್ಟು ಹೇಳುತ್ತಿದ್ದ — “ಇಲ್ಲಿ ನೋಡಿ ಸಾರ್, ಅಕ್ಷರ ಐತಲ್ಲ. ಕೆತ್ತಿದೋನು ತನ್ನ ಹೆಸ್ರು ಬರ್ದವ್ನೆ. ರಾಜ ಕಟ್ಟಿಸ್ದ ಅಂತ ರಾಜನ ಹೆಸ್ರಷ್ಟೇ ಅಲ್ಲ, ಮಾಡ್ದೋನ್ ಹೆಸ್ರೂ ಅವ್ರು ಬಿಟ್ಟಿಲ್ಲ.” ನಾನು ಬಗ್ಗಿ ನೋಡಿದೆ. ಸವೆದ ಅಕ್ಷರಗಳು. ಏನೂ ಅನಿಸಲಿಲ್ಲ. ಅವನು ಮುಂದುವರಿದು, ಈ ಊರಿನ ಹಳೆಯ ಹೆಸರು ದ್ವಾರಸಮುದ್ರ ಎಂದ. ಹುಲ್ಲುಹಾಸಿನ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತ ನಾನು ತೀರ್ಮಾನ ಮಾಡಿದೆ.

ದ್ವಾರಸಮುದ್ರ. ಯಾರೂ ತಪ್ಪು ಹೇಳಲಾಗದ ಹೆಸರು. ನಾಡಿನ ಹೆಮ್ಮೆ, ಇತಿಹಾಸ, ಎಲ್ಲವೂ ಇದ್ದ ಹೆಸರು. ಅಷ್ಟು ಒಳ್ಳೆಯ ಹೆಸರಿಟ್ಟವನನ್ನು ಯಾರು ತಾನೇ, ‘ಕಂಡದ್ದು ನೀನೇ ಏನು?’ ಎಂದು ಕೇಳುತ್ತಾರೆ? ಪುಟ್ಟಮ್ಮ ಎಂದಿಟ್ಟಿದ್ದರೆ ಎಲ್ಲರೂ ಮೊದಲು ಕೇಳುತ್ತಿದ್ದದ್ದು — ‘ಪುಟ್ಟಮ್ಮ ಯಾರು?’

ಹೆಸರು ಪ್ರಕಟವಾಯಿತು. ಬೇಲೂರಿನಲ್ಲಿ ನಮ್ಮ ಸಮಾಜದವರು ಸನ್ಮಾನ ಇಟ್ಟುಕೊಂಡರು. ಹೊರಡುವ ಹೊತ್ತಿಗೆ ಹೆಂಡತಿ ಸೀರೆ ಬದಲಿಸದೆ ಕೂತಿದ್ದಳು.

“ಮಂಡಿ ನೋವು. ನೀವೇ ಹೋಗ್ಬನ್ನಿ,” ಎಂದಳು. ಆಮೇಲೆ ಕೇಳಿದಳು: “ಆ ಹುಡುಗೀನ ಕರೆದಿದೀರಾ?”

“ಯಾವ ಹುಡುಗಿ?”

ಅವಳು ಎದ್ದು ಅಡುಗೆಮನೆಗೆ ಹೋದಳು. ಆ ಮಧ್ಯಾಹ್ನ ಊಟಕ್ಕೆ ಕೂತು ನಾನು ಹೇಳಿದ್ದನ್ನು ಅವಳು ಇಷ್ಟು ವರ್ಷ ಹಾಗೇ ಇಟ್ಟುಕೊಂಡಿದ್ದಳು ಎಂದು ಆಗ ತಿಳಿಯಿತು. ಆದರೂ ಕಾರು ಹತ್ತಿದೆ.

ಶಾಲು, ಪೇಟ, ಹಣ್ಣಿನ ಬುಟ್ಟಿ, ಭಾಷಣ. ಮೇಷ್ಟ್ರು ಹೊಯ್ಸಳರ ರಾಜಧಾನಿಯನ್ನೇ ಆಕಾಶಕ್ಕೇರಿಸಿದರು ಎಂದು ಅಧ್ಯಕ್ಷರು ಹೇಳಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹಾರ ಒದ್ದೆಯಾಗಿತ್ತು, ಅಂಗಿಯ ಕಾಲರಿಗೆ ನೀರಿಳಿಯುತ್ತಿತ್ತು — ನನಗೆ ನೆನಪಿರುವುದು ಅಷ್ಟು. ನಾಚಿಕೆ ಆಯಿತೇ? ಇಲ್ಲ. ಸಂತೋಷ? ಅದೂ ಇಲ್ಲ. ಬೇರೆ ಯಾರದೋ ಮದುವೆಯಲ್ಲಿ ಗಂಡಿನ ಜಾಗದಲ್ಲಿ ಕೂರಿಸಿದ ಹಾಗಿತ್ತು. ಎಲ್ಲರೂ ಅಕ್ಷತೆ ಹಾಕುತ್ತಿದ್ದರು. ನಾನು ತಲೆಬಗ್ಗಿಸಿ ಕೂತಿದ್ದೆ.

ಕಳೆದ ವರ್ಷ ನಿವೃತ್ತನಾದೆ. ಈ ವರ್ಷ ಶಾಲೆಯವರು ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ‘ಕ್ಷುದ್ರಗ್ರಹ ಕಂಡ ಆ ದಿನದ ಬಗ್ಗೆ ನಿಮ್ಮ ಅನುಭವ ಬರೆದುಕೊಡಿ ಸಾರ್’ ಎಂದು ಕೇಳಿದರು. ಒಪ್ಪಿಕೊಂಡು ಬರೆಯಲು ಕೂತೆ. ‘ಅಂದು ಬೆಳಗ್ಗೆ ನಾನು ನಾಲ್ಕು ಚಿತ್ರಗಳನ್ನು ತೆರೆದೆ’ ಎಂದು ಶುರುಮಾಡಿದೆ. ಮುಂದೆ ಹೋಗಲಿಲ್ಲ.

ಬಾಯಲ್ಲಿ ನೂರು ಸಲ ಹೇಳಿದ ಕಥೆ. ಆದರೆ ಕಾಗದದ ಮೇಲೆ ಅದು ನಿಲ್ಲಲಿಲ್ಲ. ಚುಕ್ಕಿ ಮೊದಲ ಸಲ ಕಣ್ಣಿಗೆ ಬಿದ್ದಾಗ ಹೇಗಿತ್ತು, ಮನಸ್ಸಿಗೆ ಏನಾಯಿತು, ಎಷ್ಟು ಸಲ ಮತ್ತೆ ನೋಡಿದೆ — ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಕಾಣದವನಿಗೆ ಕಂಡ ನೆನಪು ಎಲ್ಲಿಂದ ಬರಬೇಕು? ನೆನಪಿದ್ದದ್ದು ತರಗತಿಯ ಬಾಗಿಲಲ್ಲಿ ನಿಂತ ಒಬ್ಬ ಹೆಣ್ಣುಮಗಳು, ಅವರ ಧ್ವನಿ — ‘ಅದ್ರಲ್ಲಿ ಐತೆ ಸಾರ್.’ ಮೂರು ದಿನ ಕೂತೆ. ಪ್ರತಿ ಸಲವೂ ಆ ಧ್ವನಿಯ ಹತ್ತಿರ ಬಂದು ಪೆನ್ನು ನಿಂತುಬಿಡುತ್ತಿತ್ತು. ನಾಲ್ಕನೆಯ ದಿನ ಆ ಹಾಳೆಗಳನ್ನು ಹರಿದು, ಈ ಬರಹದ ಮೊದಲ ಸಾಲನ್ನು ಬರೆದೆ.

ಆ ವಾರವೇ, ಹೆಸರುಗಳನ್ನು ನೋಡಿಕೊಳ್ಳುವ ಖಗೋಳಶಾಸ್ತ್ರಜ್ಞರಿಗೂ ಪತ್ರ ಬರೆದೆ — ಕಂಡವರು ಇವರು, ನಾನಲ್ಲ, ವರದಿಯಲ್ಲಿ ನಾನು ಬೇಕೆಂದೇ ಅವರ ಹೆಸರು ಬಿಟ್ಟೆ ಎಂದು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸುವುದಿಲ್ಲ ಎಂದು ನನಗೆ ಗೊತ್ತಿದೆ. ಕಂಡವರ ಹೆಸರನ್ನಾದರೂ ತಿದ್ದುತ್ತಾರೋ, ತಿಳಿಯದು. ಇನ್ನೂ ಉತ್ತರ ಬಂದಿಲ್ಲ.

ಆಮೇಲೆ ಬೇಲೂರಿಗೆ ಹೋಗಿ ಅಲ್ಲಿಂದ ಬಿಕ್ಕೋಡಿನ ಬಸ್ಸು ಹತ್ತಿದೆ. ಇಳಿದು ಕೇಳಿದಾಗ ಎಸ್ಟೇಟಿನ ಕಚೇರಿಯನ್ನು ಯಾರೋ ತೋರಿಸಿದರು. ಜಗಲಿಯಲ್ಲಿ ಕಾಫಿ ಮೂಟೆಗಳನ್ನು ತೂಗುತ್ತಿದ್ದರು. ಸುಜಾತ ಪಕ್ಕದಲ್ಲಿ ನಿಂತು ತೂಕ ಬರೆದುಕೊಳ್ಳುತ್ತಿದ್ದರು. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ನನ್ನನ್ನು ನೋಡಿ, ಮೂಟೆ ಮುಗಿಯುವವರೆಗೆ ಬರೆದು, ಪುಸ್ತಕ ಮುಚ್ಚಿದರು.

“ಬನ್ನಿ ಸಾರ್. ಕೂತ್ಕೊಳ್ಳಿ.”

ಒಳಗೆ ಕುರ್ಚಿ ಹಾಕಿಸಿದರು. ಕಾಫಿ ತರಿಸಿದರು. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. “ಆ ಫಾರಂನಲ್ಲಿ ಐದು ಹೆಸರಿಗೆ ಜಾಗ ಇತ್ತು, ಸುಜಾತ ಅವರೇ,” ಎಂದೆ.

“ಗೊತ್ತು ಸಾರ್.”

“ಹೇಗೆ?” ಎಂದೆ.

“ಆ ಫಾರಂ ಇಳಿಸಿ ಕೊಟ್ಟಿದ್ದೇ ನಾನಲ್ವಾ? ಐದಿದೆ ಅಂತ ನಂಗೊತ್ತಿಲ್ದೆ ಇರುತ್ತಾ?”

ಹಾಗಾದರೆ ಅಂದು ಬಾಗಿಲ ಹತ್ತಿರ ನಿಂತು ನನ್ನ ಸುಳ್ಳನ್ನು ಕೇಳುವಾಗ — ನನ್ನ ಮುಖವನ್ನು ಅಷ್ಟು ಹೊತ್ತು ನೋಡುವಾಗ — ಅವರಿಗೆ ಎಲ್ಲ ತಿಳಿದಿತ್ತು. ನಾನು ಒಂಬತ್ತು ವರ್ಷ ಮುಚ್ಚಿಟ್ಟದ್ದು ಮುಚ್ಚಿರಲೇ ಇಲ್ಲ.

“ಆವಾಗಲೇ ಯಾಕೆ ಕೇಳ್ಲಿಲ್ಲ?” ಎಂದೆ. ಎಂಥ ಪ್ರಶ್ನೆ! ಕೇಳಬೇಕಾದವರು ಅವರೇ ಎಂಬಂತೆ.

“ಯಾರನ್ ಕೇಳ್ಬೇಕಿತ್ತು ಸಾರ್? ನಿಮ್ಮನ್ನ ಕೇಳ್ದೆ. ನೀವು ಒಂದೇ ಜಾಗ ಇತ್ತು ಅಂದ್ರಿ.”

ಕಾಫಿ ತಣ್ಣಗಾಗುತ್ತಿತ್ತು. ನಾನು ಅವರ ತಾಯಿಯನ್ನು ವಿಚಾರಿಸಿದೆ. ಅವರ ಮುಂದೆಯೂ ಹೇಳಿಕೊಳ್ಳಬೇಕೆಂದು ಬಂದಿದ್ದೆ.

“ಅಮ್ಮ ಹೋಗಿ ಎಂಟು ತಿಂಗಳಾಯ್ತು.”

ಅವರು ಕಿಟಕಿಯ ಕಡೆ ನೋಡುತ್ತ, ನನಗೆ ಹೇಳುತ್ತಿದ್ದಾರೆಂದು ಅನಿಸದ ಹಾಗೆ ಹೇಳಿದರು. “ಅವತ್ತು ಸಂಜೆ ರೈಲಿಳಿದು ಸೀದಾ ಹಾಸ್ಟೆಲ್‌ಗೇ ಹೋಗಿ ಅಮ್ಮಂಗೆ ಹೇಳಿದ್ದೆ. ಮೇಲೊಂದು ಕಲ್ಲೈತೆ, ಅದಕ್ಕೆ ನಿನ್ ಹೆಸ್ರು ಇಡಸ್ತೀನಿ ಅಂತ. ನಕ್ಕೂ ನಕ್ಕೂ ಸಾಕಾಗಿದ್ಲು. ಆಮೇಲೆ ವರ್ಷಕ್ಕೆ ಎರಡ್ಮೂರು ಸಲ ಆದ್ರೂ ಕೇಳೋಳು — ‘ಏನಾಯ್ತೇ ನನ್ ಕಲ್ಲು?’ ಅಂತ. ಪೇಪರ್‌ನಲ್ಲಿ ನಿಮ್ ಫೋಟೋ ಬಂತಲ್ಲ ಸಾರ್, ಪಕ್ಕದ್ಮನೆಯೋರು ತಂದು ತೋರ್ಸಿದ್ರು. ‘ನಿಮ್ ಮೇಷ್ಟ್ರು ಅಲ್ವೇನೇ ಇವ್ರು, ಇದೇನಾ ಆ ಕಲ್ಲು?’ ಅಂದ್ಲು.”

“ಏನ್ ಹೇಳಿದ್ರಿ?”

“ಅದು ಬೇರೆ ಕಲ್ಲು ಕಣಮ್ಮಾ, ನಿಂದು ಇನ್ನೂ ಸರದೀಲಿದೆ ಅಂದೆ.”

ಜಗಲಿಯಲ್ಲಿ ಯಾರೋ ಮೂಟೆ ಇಳಿಸಿದ ಸದ್ದಾಯಿತು. ಅಳು ಬರಬೇಕಿತ್ತು, ಅವರಿಗಲ್ಲ, ನನಗೆ. ಬರಲಿಲ್ಲ. ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಕೂತಿದ್ದೆ. ಹೆಸರು ಪ್ರಕಟವಾದ ಮೇಲೂ ಆ ತಾಯಿ ಒಂದು ವರ್ಷಕ್ಕೂ ಹೆಚ್ಚು ಬದುಕಿದ್ದರು. ಆ ವರ್ಷದಲ್ಲಿ ನಾನು ಯಾವ ದಿನ ಬೇಕಾದರೂ ಈ ಬಸ್ಸು ಹತ್ತಬಹುದಿತ್ತು.

ನಾನು ಬರೆದಿದ್ದಷ್ಟನ್ನು ಚೀಲದಿಂದ ತೆಗೆದು ಕೊಟ್ಟೆ. ಅವರು ಓದಿದರು, ನಿಧಾನವಾಗಿ, ಒಂದೂ ಸಾಲು ಬಿಡದೆ. ಶಾಲೆಯವರು ಇದನ್ನು ಸಂಚಿಕೆಯಲ್ಲಿ ಹಾಕದಿದ್ದರೆ ಬೇರೆ ಎಲ್ಲಿಯಾದರೂ ಪ್ರಕಟಿಸುತ್ತೇನೆ, ನಿಮ್ಮ ಹೆಸರು, ತಾಯಿಯ ಹೆಸರು ಹಾಕಬಹುದೇ ಎಂದು ಕೇಳಿದೆ.

“ಹಾಕಿ. ಅಮ್ಮನ್ ಹೆಸ್ರು ದೊಡ್ಡಕ್ಷರದಲ್ಲಿ ಹಾಕಿ.”

ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು. ಗೇಟಿನವರೆಗೆ ನನ್ನ ಜೊತೆ ಬಂದರು. ಅದು ಅವರ ಮರ್ಯಾದೆ, ನನ್ನದಲ್ಲ. ನಾನು ಏನೋ ಹೇಳಲು ಬಾಯಿ ತೆರೆದಾಗ ಅವರೇ ತಡೆದರು.

“ಬೇಜಾರ್ ಮಾಡ್ಕೋಬೇಡಿ ಸಾರ್, ಒಂದ್ ಮಾತು. ಇಂಥದ್ದೆಲ್ಲಾ ಬರೆಯೋರು ಕೊನೇಲಿ, ಅವ್ರು ನನ್ನನ್ನ ಕ್ಷಮಿಸಿದ್ರು ಅಂತ ಬರೀತಾರೆ. ಹಂಗ್ ಬರೀಬೇಡಿ. ನಾನು ಕ್ಷಮಿಸಿಲ್ಲ.”

“ಬರೆಯಲ್ಲ,” ಎಂದೆ.

“ಸರಿ. ಹೋಗ್ಬನ್ನಿ,” ಎಂದು ತೂಕದ ಪುಸ್ತಕ ಹಿಡಿದು ಒಳಗೆ ಹೋದರು.

ಪುಟ್ಟಮ್ಮ ಎಂಬ ಹೆಸರಿಡಬೇಕಿದ್ದ ಆ ಕಲ್ಲನ್ನು ಕಂಡವರು ಬಾಣಾವರದ ಸುಜಾತ. ಅವರು ನನ್ನನ್ನು ಕ್ಷಮಿಸಿಲ್ಲ.